ಐದು ಸಾವಿರಕ್ಕೊಮ್ಮೆ

ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಲ್ಲುವ ಒಂದು ಹಳದಿ ಬೋರ್ಡಿನ ಡೀಸೆಲ್ ಕಾರಿನಲ್ಲಿ, ಆರ್.ಸಿ. ಮತ್ತು ಇನ್ಶೂರೆನ್ಸ್ ಕಾಗದಗಳ ಜೊತೆಗೆ, ನಲವತ್ತು ಪುಟದ ಒಂದು ನೋಟ್‌ಬುಕ್ ಇದೆ. ಯಾವ ದಿನ, ಮೀಟರು ಎಷ್ಟಿದ್ದಾಗ ಎಂಜಿನ್ ಆಯಿಲ್ ಬದಲಿಸಿದ್ದು ಎಂಬುದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಬಾಡಿಗೆಯ ಲೆಕ್ಕ, ಸಾಲದ ಕಂತು, ಚೀಟಿ ದುಡ್ಡು ಎಲ್ಲವೂ ಡ್ರೈವರ ತಲೆಯಲ್ಲಿರುತ್ತವೆ. ಆಯಿಲ್ಲಿನದು ಮಾತ್ರ ಬರವಣಿಗೆಯಲ್ಲಿ. ‘ಇದೊಂದು ಬರೆದಿಡಬೇಕು, ತಲೆ ಸುಳ್ಳು ಹೇಳುತ್ತೆ’ ಎನ್ನುವುದು ಅವರ ಮಾತು.

ಆಯಿಲ್ ಬದಲಿಸುವುದು ಐದು ಸಾವಿರ ಕಿಲೋಮೀಟರಿಗೆ ಒಮ್ಮೆ. ಈ ಲೆಕ್ಕ ಅವರಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಹುಡುಗನಾಗಿದ್ದಾಗ ಸಕಲೇಶಪುರದ ಕಡೆಯ ಒಬ್ಬ ಕಾಫಿ ಪ್ಲಾಂಟರರ ಬಳಿ ಡೀಸೆಲ್ ಅಂಬಾಸಿಡರ್ ಓಡಿಸುತ್ತಿದ್ದರು. ಆ ಯಜಮಾನರು, ‘ನಿನ್ನ ಹೊಟ್ಟೆಗೆ ಹಾಕೋದು ಒಂದು ದಿನ ತಡವಾದರೂ ಆಗಲಿ, ಚೇಂಬರಿಗೆ ಹಾಕೋದು ತಡ ಆಗಬಾರದು’ ಎನ್ನುತ್ತಿದ್ದರಂತೆ. ಪ್ಲಾಂಟರು ಹೋದರು, ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆಯೂ 2014ರಲ್ಲಿ ಕೆಲಸ ನಿಲ್ಲಿಸಿತು. ಐದು ಸಾವಿರದ ಲೆಕ್ಕ ಮಾತ್ರ ಉಳಿದುಕೊಂಡಿತು.

ಇದಕ್ಕೆ ಮೊದಲು ತಕರಾರು ತೆಗೆದವಳು ಅವರ ಮಗಳೇ. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವವಳು 2025ರಲ್ಲಿ ಆರನೇ ಸೆಮಿಸ್ಟರ್ ಮುಗಿಸಿ ರಜೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಕಾರು ಒರೆಸುವಾಗ ನೋಟ್‌ಬುಕ್ ಕೈಗೆ ಸಿಕ್ಕಿತು. ತಿರುವಿ ಹಾಕಿದಳು. ತಿಂಗಳಿಗೆ ಹೆಚ್ಚುಕಡಿಮೆ ಐದು ಸಾವಿರ ಓಡುತ್ತದೆ. ಅಂದರೆ ವರ್ಷಕ್ಕೆ ಹನ್ನೆರಡು ಸಲ ಆಯಿಲ್ ಚೇಂಜ್. ಫಿಲ್ಟರೂ ಸೇರಿ ಒಂದು ಸಲಕ್ಕೆ ಎರಡು ಸಾವಿರದ ಆಸುಪಾಸು. ಕಾರಿನ ಜೊತೆ ಬಂದ ಕೈಪಿಡಿ ತೆಗೆದು ನೋಡಿದರೆ, ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿದೆ. ವರ್ಷಕ್ಕೆ ಹನ್ನೆರಡು ಸಾವಿರ ರೂಪಾಯಿ ಸುಮ್ಮನೆ ಮೋರಿಗೆ ಹೋಗುತ್ತಿದೆ! ಅವಳ ಹಾಸ್ಟೆಲ್ಲಿನ ನಾಲ್ಕು ತಿಂಗಳ ಮೆಸ್ ಬಿಲ್ಲು ಅದು.

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

‘ಬೆಳಗ್ಗೆ ತೋರಿಸ್ತೀನಿ ಬಾ.’

ಬೆಳಿಗ್ಗೆ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆದು ಮಗಳ ಮುಖಕ್ಕೆ ಹಿಡಿದರು. ತುದಿಯಲ್ಲಿ ಕಾಡಿಗೆಯಂಥ ಎಣ್ಣೆ.

‘ಬದಲಿಸಿ ಇನ್ನೂ ಸಾವಿರ ಕಿಲೋಮೀಟರ್ ಆಗಿಲ್ಲ. ನೋಡು ಹೆಂಗೈತೆ. ಇದನ್ನ ಹತ್ತು ಸಾವಿರ ಓಡಿಸು ಅಂತೀಯ?’

‘ಅಪ್ಪಾ, ಕಪ್ಪಾಗಿದ್ರೆ ಅದು ಕೆಲಸ ಮಾಡ್ತಿದೆ ಅಂತ.’

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗಿನ ಗಾಳಿಯನ್ನು ಹದಿನಾರು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸಿಂಪಡಿಸಿದ ಡೀಸೆಲ್ ಗಾಳಿಯೊಡನೆ ಪೂರ್ತಿ ಬೆರೆಯುವಷ್ಟು ಪುರುಸೊತ್ತು ಸಿಗುವುದಿಲ್ಲ. ಬೆರೆಯದ ಕಡೆ ಮಸಿ ಏಳುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ ರಿಂಗುಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟದಂತೆ, ಲೋಹದ ಮೇಲೆ ಕೂರದಂತೆ, ಬಿಡಿಬಿಡಿಯಾಗಿ ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳನ್ನು ಆಯಿಲ್ಲಿಗೆ ಬೆರೆಸಿರುತ್ತಾರೆ. ಬಟ್ಟೆ ನೆನೆಸಿದ ಸೋಪಿನ ನೀರು ಕಪ್ಪಾದರೆ ಯಾರೂ ಸೋಪನ್ನು ಬೈಯುವುದಿಲ್ಲವಲ್ಲ, ಹಾಗೆ. ಬಹಳ ದಿನವಾದರೂ ಡೀಸೆಲ್ ಕಾರಿನ ಆಯಿಲ್ ಜೇನಿನ ಬಣ್ಣದಲ್ಲೇ ಇದೆಯೆಂದರೆ ಅನುಮಾನ ಪಡಬೇಕಾದದ್ದು ಆಗ. ಬಣ್ಣ ನೋಡಿ ಆಯಿಲ್ಲಿನ ಆಯುಸ್ಸು ಹೇಳಲು ಬರುವುದಿಲ್ಲ.

ಹಾಗಾದರೆ ಪ್ಲಾಂಟರ ಲೆಕ್ಕ ತಪ್ಪೇ? ಅದೂ ಅಲ್ಲ. ಆ ಕಾಲದ ಡೀಸೆಲ್ಲಿನಲ್ಲಿ ಗಂಧಕ ಬಹಳ. ಉರಿದ ಗಂಧಕ ನೀರಾವಿಯೊಡನೆ ಸೇರಿದರೆ ಆಮ್ಲ. ಆಯಿಲ್ಲಿನಲ್ಲಿರುವ ಕ್ಷಾರ ಆ ಆಮ್ಲವನ್ನು ಮುರಿಯುತ್ತ ಮುರಿಯುತ್ತ ತಾನೇ ಮುಗಿದುಹೋಗುತ್ತಿತ್ತು. ಮುಗಿದ ಮೇಲೆ ಆಮ್ಲ ಬೇರಿಂಗುಗಳನ್ನು ತಿನ್ನುತ್ತದೆ. ಆಮೇಲೆ ಡೀಸೆಲ್ಲೇ ಬದಲಾಯಿತು. ಬಿ.ಎಸ್. 3 ಡೀಸೆಲ್ಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗದವರೆಗೆ ಗಂಧಕಕ್ಕೆ ಅವಕಾಶವಿತ್ತು, ಬಿ.ಎಸ್. 4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್‌ನಿಂದ ದೇಶವಿಡೀ ಬಂದ ಬಿ.ಎಸ್. 6ರಲ್ಲಿ 10. ಆಯಿಲ್ ಕೂಡ ಮೊದಲಿನದಲ್ಲ. ಐದು ಸಾವಿರ ಎನ್ನುವುದು ಅಂದಿನ ಡೀಸೆಲ್ಲಿಗೆ, ಅಂದಿನ ಆಯಿಲ್ಲಿಗೆ ಹೇಳಿದ ಮಾತು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ‘ಆಯ್ತವ್ವ, ಎಲ್ಲಾ ಸರಿ. ನಾನು ಐದು ಸಾವಿರಕ್ಕೇ ಬದಲಿಸ್ತೀನಿ’ ಎಂದು ಬಾನೆಟ್ ಮುಚ್ಚಿ ಸ್ಟ್ಯಾಂಡಿಗೆ ಹೊರಟರು.

ಮಗಳಿಗೆ ಹಟ ಬಂತು. ಅಪ್ಪ ಎಷ್ಟು ದುಡ್ಡು ಹಾಳು ಮಾಡಿದ್ದಾರೆಂದು ಮೊದಲಿನಿಂದ ಕೂಡಿಸಿ ತೋರಿಸಿಯೇ ಬಿಡೋಣವೆಂದು ಅವರಿಲ್ಲದಾಗ ನೋಟ್‌ಬುಕ್ ಹಿಡಿದು ಕೂತಳು. ಒಂದು ಸಾಲಿಗೂ ಮುಂದಿನ ಸಾಲಿಗೂ ಇರುವ ಅಂತರವನ್ನು ಪಕ್ಕದಲ್ಲಿ ಬರೆಯುತ್ತ ಹೋದಳು. 4,900. 5,050. 5,000. 4,980. ಮನುಷ್ಯ ಹಬ್ಬ ಮರೆತಾನು, ಇದನ್ನು ಮರೆಯುವುದಿಲ್ಲ. ಆದರೆ ಒಂದು ಕಡೆ ಪೆನ್ಸಿಲ್ ನಿಂತಿತು. 2022ರ ಅಕ್ಟೋಬರ್, 1,84,200. ಅದರ ಕೆಳಗಿನ ಸಾಲು 2023ರ ಮಾರ್ಚ್, 2,06,500. ನಡುವೆ 22,300 ಕಿಲೋಮೀಟರು. ಬರೆಯಲು ಮರೆತರೇ?

2022ರ ಅಕ್ಟೋಬರ್ ಅವಳಿಗೆ ಚೆನ್ನಾಗಿ ನೆನಪಿತ್ತು. ಸಿ.ಇ.ಟಿ. ಕೌನ್ಸೆಲಿಂಗ್ ನಡೆಯುತ್ತಿದ್ದ ತಿಂಗಳು. ಆಮೇಲೆ ಸೀಟು, ಫೀಸು, ಹಾಸ್ಟೆಲ್ ಡಿಪಾಸಿಟ್ಟು, ಹಾಸಿಗೆ, ಬಕೆಟ್ಟು, ಲ್ಯಾಪ್‌ಟಾಪು.

ಅಪ್ಪನನ್ನು ಕೇಳಲಿಲ್ಲ. ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದಳು.

‘ನಿಂಗೆ ಹೇಳಿಲ್ವಾ?’ ಎಂದರು ಅವರು. ಆಮೇಲೆ ಹೇಳಿದರು. ಆ ಸಲ ‘ಮುಂದಿನ ತಿಂಗಳು ಮೇಸ್ತ್ರಿ’, ‘ಈ ಬಾಡಿಗೆ ಮುಗಿಸಿ ಬರ್ತೀನಿ’ ಎಂದುಕೊಂಡೇ ನಾಲ್ಕು ತಿಂಗಳು ಕಳೆಯಿತಂತೆ. ಫೆಬ್ರವರಿಯಲ್ಲಿ ಮಂಗಳೂರು ವಿಮಾನ ನಿಲ್ದಾಣದಿಂದ ಜನ ಹತ್ತಿಸಿಕೊಂಡು ಶಿರಾಡಿ ಘಾಟಿ ಹತ್ತುವಾಗ ಎಂಜಿನ್ನಿನಿಂದ ಸಿಳ್ಳಿನಂಥ ಸದ್ದು ಶುರುವಾಯಿತು. ಹಿಂದೆ ನೀಲಿ ಹೊಗೆ, ಪಿಕಪ್ ಇಲ್ಲ. ಆಯಿಲ್ಲಿನ ಕೆಂಪು ದೀಪ ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡಿ ಕಾರನ್ನು ಬದಿಗೆ ನಿಲ್ಲಿಸಿದ್ದರಿಂದ ಎಂಜಿನ್ ಪೂರ್ತಿ ಹಿಡಿದುಕೊಳ್ಳಲಿಲ್ಲ. (ಆ ಕೆಂಪು ದೀಪ ಆಯಿಲ್ ಬದಲಿಸು ಎಂದು ನೆನಪಿಸುವುದಕ್ಕೆ ಇರುವುದಲ್ಲ. ಎಣ್ಣೆಯ ಒತ್ತಡ ಬಿದ್ದುಹೋಗಿದೆ, ಈಗಲೇ ನಿಲ್ಲಿಸು ಎಂದು ಅದರ ಅರ್ಥ. ಎಷ್ಟೋ ಜನ ‘ಊರು ಸೇರಿಕೊಂಡು ನೋಡೋಣ’ ಎಂದು ಓಡಿಸುತ್ತಾರೆ.) ಮೇಸ್ತ್ರಿ ಚೇಂಬರ್ ಬಿಚ್ಚಿದಾಗ ತಳದಲ್ಲಿ ಟಾರಿನಂಥ ಗಸಿ. ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಕೊಳವೆ ಕಟ್ಟಿಕೊಂಡಿತ್ತು. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥದ್ದು; ಅದರ ಅಚ್ಚು ತಿರುಗುವುದು ತೆಳ್ಳನೆಯ ಎಣ್ಣೆಯ ಪದರದ ಮೇಲೆ. ಆ ಪದರ ತಪ್ಪಿದರೆ ಕ್ಷಣಗಳ ಮಾತು. ಹಳೆಯ ಅಂಬಾಸಿಡರಿಗೆ ಈ ಟರ್ಬೊದ ತಾಪತ್ರಯವೇ ಇರಲಿಲ್ಲ.

ಎಪ್ಪತ್ತೊಂದು ಸಾವಿರ ಬಿಲ್ಲು. ಇಪ್ಪತ್ತು ದಿನ ಬಾಡಿಗೆ ಇಲ್ಲ. ಚೀಟಿ ಎತ್ತಿ ಕಟ್ಟಿದರಂತೆ.

ಆ ಫೆಬ್ರವರಿಯಲ್ಲಿ ಅಪ್ಪ ಫೋನಿನಲ್ಲಿ ‘ಕಾರು ಪೇಂಟಿಗೆ ಬಿಟ್ಟಿದೀನಿ’ ಎಂದಿದ್ದರು. ಯುಗಾದಿಗೆ ಊರಿಗೆ ಬಂದವಳು ಅದೇ ಕಾರಿನಲ್ಲಿ ಬಸ್ ಸ್ಟ್ಯಾಂಡಿನಿಂದ ಮನೆಗೆ ಬಂದಿದ್ದಳು. ಬಾಗಿಲ ಮೇಲಿನ ಹಳೆಯ ಗೀರುಗಳು ಹಾಗೆಯೇ ಇದ್ದವು. ಅವಳಿಗೆ ಕಂಡಿರಲಿಲ್ಲ.

ಮಕ್ಕಳ ಫೀಸು ಕಟ್ಟುವ ಮನೆಗಳಲ್ಲಿ ಮೊದಲು ಮುಂದಕ್ಕೆ ಹೋಗುವುದು ಇಂಥವೇ ಖರ್ಚುಗಳು. ಅಮ್ಮನ ಕನ್ನಡಕ, ಸೋರುವ ಹೆಂಚು, ಕಾರಿನ ಆಯಿಲ್ಲು. ಇವು ಯಾವುವೂ ಬಾಗಿಲಿಗೆ ಬಂದು ಕೂಗುವುದಿಲ್ಲ. ಕಾಲೇಜಿನವರು ಮಾತ್ರ ಕೊನೆಯ ದಿನಾಂಕ ಹಾಕಿ ನೋಟೀಸು ಕಳಿಸುತ್ತಾರೆ.

ಅಂದಿನಿಂದ ಅವಳು ಹತ್ತು ಸಾವಿರದ ಮಾತೆತ್ತಲಿಲ್ಲ. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಅವಳನ್ನು ಕರೆದರು. ಅವರದು 2021ರಲ್ಲಿ ಕೊಂಡ ಬಿ.ಎಸ್. 6 ಡೀಸೆಲ್ ಗಾಡಿ. ಬೆಳಿಗ್ಗೆ ವಾಕಿಂಗಿಗೆಂದು ಎರಡು ಕಿಲೋಮೀಟರ್ ದೂರದ ಪಾರ್ಕಿಗೆ ಕಾರಿನಲ್ಲಿ ಹೋಗಿ, ಅಲ್ಲಿ ನಡೆದು, ಕಾರಿನಲ್ಲೇ ವಾಪಸು ಬರುವವರು. ಸಂಜೆ ತರಕಾರಿಗೆ ಇನ್ನೊಂದು ಸಲ. ಸರ್ವೀಸ್ ಮಾಡಿಸಿ ಎರಡು ವರ್ಷವಾಗಿತ್ತು. ಓಡಿದ್ದು ನಾಲ್ಕು ಸಾವಿರ ಕಿಲೋಮೀಟರ್ ಮಾತ್ರ. ‘ಹತ್ತು ಸಾವಿರ ಆಗೋಕೆ ಇನ್ನೂ ಮೂರು ವರ್ಷ ಬೇಕು ಬಿಡಮ್ಮ. ನೋಡು, ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ಲ. ಹಾಕಿದ್ದಕ್ಕಿಂತ ಜಾಸ್ತೀನೇ ತೋರಿಸ್ತಿದೆ’ ಎಂದು ಹೆಮ್ಮೆಯಿಂದ ಕಡ್ಡಿ ತೋರಿಸಿದರು. ಎಣ್ಣೆ ಮೇಲಿನ ಗುರುತನ್ನೂ ದಾಟಿ ನಿಂತಿತ್ತು.

ಅವಳು ಬೆರಳಿನಲ್ಲಿ ಮುಟ್ಟಿ ಮೂಸಿದಳು. ಡೀಸೆಲ್ ವಾಸನೆ.

ಇದೇ ಎಲ್ಲಕ್ಕಿಂತ ಕೆಟ್ಟದ್ದು. ಬಿ.ಎಸ್. 6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಶೋಧಕವಿರುತ್ತದೆ. ಅದು ತುಂಬಿದಾಗ ಕಾರೇ ಅದನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆ ಕಾವಿಗಾಗಿ ಹಲವು ಎಂಜಿನ್ನುಗಳು ಸಿಲಿಂಡರಿಗೆ ಒಂದಿಷ್ಟು ಡೀಸೆಲ್ಲನ್ನು ಹೆಚ್ಚಾಗಿ ಬಿಡುತ್ತವೆ. ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಕೆಲಸ ಮುಗಿಯುತ್ತದೆ. ಪಾರ್ಕಿಗೆ ಹೋಗುವಷ್ಟರಲ್ಲಿ ಮುಗಿಯುವುದಿಲ್ಲ. ನಡುವೆ ನಿಂತದ್ದು ಮತ್ತೆ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಚೇಂಬರಿಗೆ ಇಳಿಯುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾಗದ್ದರಿಂದ ಅದು ಆವಿಯಾಗಿ ಹೋಗುವುದೂ ಇಲ್ಲ. ಮಟ್ಟ ಏರುತ್ತದೆ, ಎಣ್ಣೆ ನೀರಾಗುತ್ತದೆ. ಕೈಪಿಡಿಯ ‘ಅಥವಾ ಒಂದು ವರ್ಷ’ ಎನ್ನುವ ಮಾತು ಬರೆದಿರುವುದೇ ಇಂಥವರಿಗಾಗಿ. ಮ್ಯಾನೇಜರು ಎರಡನೇ ದಿನವೇ ಆಯಿಲ್ ಬದಲಿಸಿದರು. ವಾಕಿಂಗಿಗೆ ನಡೆದೇ ಹೋಗಬಹುದೆಂದು ಅವಳು ಹೇಳಬೇಕೆಂದಿದ್ದಳು, ಹೇಳಲಿಲ್ಲ.

ಸಂಜೆ ಅಪ್ಪನ ಮುಂದೆ ಕೈಪಿಡಿಯನ್ನು ಮತ್ತೆ ತೆರೆದಳು. ಈ ಸಲ ಬೇರೆ ಪುಟ. ಧೂಳಿನ ರಸ್ತೆ, ಗಿಡ್ಡ ಓಡಾಟ, ಘಾಟಿಯಲ್ಲಿ ಭಾರ ಹೊತ್ತು ಹತ್ತುವುದು, ಎಂಜಿನ್ ಚಾಲೂ ಇಟ್ಟು ಬಹಳ ಹೊತ್ತು ನಿಲ್ಲಿಸುವುದು. ಇಂಥವಿದ್ದರೆ ಆಯಿಲ್ಲನ್ನು ಬೇಗ ಬದಲಿಸಿ ಎಂದಿತ್ತು. ಮೊದಲ ದಿನ ಅವಳು ಈ ಪುಟ ನೋಡಿರಲಿಲ್ಲ.

‘ಧರ್ಮಸ್ಥಳದಲ್ಲಿ ಕಾಯುವಾಗ ಎ.ಸಿ. ಹಾಕ್ಕೊಂಡಿರ್ತೀಯಾ ಅಪ್ಪ?’

‘ವಯಸ್ಸಾದೋರು ಕಾರಲ್ಲೇ ಕೂತಿದ್ರೆ ಹಾಕ್ಲೇಬೇಕಲ್ಲ. ಒಂದೊಂದ್ಸಲ ಎರಡು ಗಂಟೆ.’

ಆ ಎರಡು ಗಂಟೆ ಮೀಟರಿನಲ್ಲಿ ಸೊನ್ನೆ. ಎಣ್ಣೆಗೆ ಮಾತ್ರ ಎರಡು ಗಂಟೆಯ ದುಡಿಮೆ. ಅವಳು ಲೆಕ್ಕ ಹಾಕಿದಳು: ಅಪ್ಪನದು ಹೆಚ್ಚಾಗಿ ಹೆದ್ದಾರಿಯ ಬಿಸಿ ಓಟ, ಅದು ಎಂಜಿನ್ನಿಗೆ ಒಳ್ಳೆಯದು, ಆದರೆ ವಾರಕ್ಕೆರಡು ಸಲ ಶಿರಾಡಿ, ಅದರ ಮೇಲೆ ಈ ಕಾಯುವಿಕೆ. ಏಳೂವರೆ ಸಾವಿರ ಎಂದಳು. ‘ಜೊತೆಗೆ ವಾರಕ್ಕೊಂದು ಸಲ ಕಡ್ಡಿ ತೆಗೆದು ಮಟ್ಟ ನೋಡಬೇಕು, ಕಾರು ಸಮತಟ್ಟು ಜಾಗದಲ್ಲಿರಬೇಕು, ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೇಸ್ತ್ರಿ ಹತ್ರ ಹೋಗಿದ್ಯಂತೆ.’

‘ಹೂಂ.’

‘ಅವನ ಬಾಯಿಗೆ ಒಂದು ಫಿಲ್ಟರ್ ಹಾಕಿಸ್ಬೇಕು’ ಎಂದು ಎದ್ದು ಕೈ ತೊಳೆಯಲು ಹೋದರು.

ಅವಳು ಮೈಸೂರಿಗೆ ಹೊರಡುವ ಹಿಂದಿನ ದಿನ ಆಯಿಲ್ ಬದಲಿಸಿದರು. ನೋಟ್‌ಬುಕ್ಕಿನಲ್ಲಿ ಈ ಸಲ ಬರೆದವಳು ಮಗಳು: 3,41,000. ಮುಂದಿನದು 3,48,500 ಎಂದು ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ.

ತಿಂಗಳು ಕಳೆದು ಒಂದು ರಾತ್ರಿ ಹಾಸ್ಟೆಲ್ಲಿಗೆ ಫೋನು ಬಂತು. ಸಕಲೇಶಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದ್ದರು.

‘ಐದು ಸಾವಿರದ ಇನ್ನೂರಾಯ್ತು. ಕಡ್ಡಿ ತೆಗೆದು ನೋಡ್ದೆ. ಮಟ್ಟ ಸರಿಯಾಗೈತೆ.’

‘ಮತ್ತೇನಪ್ಪಾ?’

‘ಕಪ್ಪಗೈತೆ.’

‘ಇರ್ಲಿ ಬಿಡು.’

‘ಇರ್ಲಿ ಅಂತೀಯಾ?’ ಎಂದರು. ಹಿಂದೆ ಲಾರಿಯೊಂದು ಹಾರ್ನ್ ಹಾಕಿಕೊಂಡು ಘಾಟಿಯ ಕಡೆ ಹೋಯಿತು. ‘ಸರಿ, ಓದ್ಕೋ ಹೋಗು.’