ಅಕ್ಕ ಕೊಂಡ ಮನೆ

ಅಪ್ಪ ಕಟ್ಟಿಸಿದ ಮನೆಯನ್ನು ತಾನೇ ಕೊಂಡುಕೊಳ್ಳುತ್ತೇನೆ ಎಂದು ಅಕ್ಕ ಬಾಯಿಬಿಟ್ಟಿದ್ದು ಅಮ್ಮನ ವರ್ಷಾಂತಿಕ ಕಳೆದ ಮೇಲೆ. ನೆಂಟರಿಗೆ ಅದು ವಿಚಿತ್ರವಾಗಿ ಕಂಡಿತು. ಗಂಡುಮಕ್ಕಳಲ್ಲಿ ಒಬ್ಬ ಇಟ್ಟುಕೊಳ್ಳುವುದು ಅವರಿಗೆ ಗೊತ್ತು, ಮಾರಿ ಹಂಚಿಕೊಳ್ಳುವುದು ಗೊತ್ತು. ಎರಡರಲ್ಲಿ ಯಾವುದೇ ಆಗಲಿ, ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಏನಾದರೂ ಕೊಟ್ಟು, ಒಂದು ಸೀರೆ ಉಡಿಸಿ, ಸಹಿ ಹಾಕಿಸಿಕೊಳ್ಳುವುದೂ ಗೊತ್ತು. ಮಗಳೇ ದುಡ್ಡು ಎಣಿಸಿ ಕೊಳ್ಳುವುದು ಗೊತ್ತಿರಲಿಲ್ಲ. “ತವರಿಂದ ತಗೊಂಡು ಹೋಗೋರನ್ನ ನೋಡಿದ್ದೀನಿ, ತವರುಮನೇನೇ ಕೊಂಡ್ಕೊಳ್ಳೋದು ಎಲ್ಲೂ ಕೇಳಿಲ್ಲವಲ್ಲಮ್ಮ” ಎಂದರು ಸೋದರಮಾವ. ಅಕ್ಕ ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳೇ ಹೊರತು ಉತ್ತರ ಕೊಡಲಿಲ್ಲ.

ಅವಳು ಕೇಳಿದ್ದರಲ್ಲಿ ವಿಚಿತ್ರವೇನೂ ಇಲ್ಲ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅಪ್ಪ ಮೇಷ್ಟರು. ಮೈಸೂರಿನಲ್ಲಿ 1903ರಲ್ಲೇ ಶುರುವಾಗಿದ್ದ ನಗರ ಸುಧಾರಣೆಯ ಟ್ರಸ್ಟ್ ಬೋರ್ಡಿನಿಂದ ಸರಸ್ವತಿಪುರಂನಲ್ಲಿ ಸೈಟು ತೆಗೆದುಕೊಂಡು, 1968ರಲ್ಲಿ ಸಂಬಳದ ದುಡ್ಡಿನಲ್ಲಿ ಮನೆ ಕಟ್ಟಿಸಿದರು. ಉಯಿಲು ಬರೆಯಲಿಲ್ಲ. ಇಂಥ ಮನೆಯನ್ನೂ ನಮ್ಮ ಕಡೆ ‘ಪಿತ್ರಾರ್ಜಿತ’ ಎಂದುಬಿಡುತ್ತಾರೆ, ಹಾಗೆಂದ ಕೂಡಲೇ ಹೆಣ್ಣುಮಕ್ಕಳಿಗೆ ಪಾಲು ಮೊನ್ನೆ ಮೊನ್ನೆ ಬಂದ ಸಂಗತಿ ಎಂಬ ಮಾತೂ ಹಿಂದೆಯೇ ಬರುತ್ತದೆ. ಅದು ತಪ್ಪು. ಉಯಿಲಿಲ್ಲದೆ ಹೋದ ತಂದೆಯ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಹೆಂಡತಿಗೂ ಮಗನಿಗೂ ಮಗಳಿಗೂ ಸಮಪಾಲೆಂದು ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಹೇಳಿತ್ತು. ಆದರೆ ಅದೇ ಕಾಯ್ದೆಯ 23ನೇ ಕಲಮು ಮಗಳ ಕೈ ಕಟ್ಟಿತ್ತು. ಕುಟುಂಬ ವಾಸವಿದ್ದ ಮನೆಗೆ ಗಂಡು ವಾರಸುದಾರರೂ ಇದ್ದರೆ, ಅವರಾಗಿ ಭಾಗ ಮಾಡಿಕೊಳ್ಳುವವರೆಗೆ ಅವಳು ಭಾಗ ಕೇಳುವಂತಿರಲಿಲ್ಲ. ಪಾಲು ಉಂಟು, ಕೇಳುವ ಬಾಯಿ ಇಲ್ಲ. 2005ರಲ್ಲಿ ಆ ಕಲಮನ್ನು ತೆಗೆದರು. ಅಷ್ಟರೊಳಗೆ ಎಷ್ಟು ಅಕ್ಕತಂಗಿಯರು ಒಂದು ಸೀರೆಗೆ ಸಹಿ ಹಾಕಿ ಬಂದಿದ್ದರೋ! ಆ ಸಹಿಗಳನ್ನು ಪ್ರೀತಿಯಿಂದ ಹಾಕಿದ್ದೆಂದು ಪತ್ರಗಳಲ್ಲಿ ಬರೆದಿರುತ್ತದೆ. ಕೆಲವು ನಿಜವಾಗಿಯೂ ಪ್ರೀತಿಯವೇ ಇರಬಹುದು. ಹಬ್ಬಕ್ಕೆ ಕರೆಯುವವರು ಇಲ್ಲದಂತಾದೀತೆಂಬ ಭಯದಲ್ಲಿ ಬಿದ್ದ ಸಹಿಗಳೇ ಹೆಚ್ಚೆಂದು ನನ್ನ ನಂಬಿಕೆ.

ಅಪ್ಪನ ನಂತರ ಅಮ್ಮನಿಗೆ ಬಂದಿದ್ದ ಪಾಲೂ ಅಮ್ಮ ಹೋದ ಮೇಲೆ ಸಮನಾಗಿ ನಮ್ಮ ಮೂವರಿಗೇ ಬಂತು. ಅಕ್ಕ, ನಾನು, ಡಲ್ಲಾಸ್‌ನಲ್ಲಿರುವ ತಮ್ಮ, ಮೂರರಲ್ಲೊಂದು ಪಾಲು ಪ್ರತಿಯೊಬ್ಬರಿಗೆ. ಪೌತಿ ಖಾತೆ, ವಂಶವೃಕ್ಷ ಎಲ್ಲ ಸಲೀಸಾಗಿ ಆಯಿತು. ತೊಡಕು ಶುರುವಾಗಿದ್ದು ಬೆಲೆಯಲ್ಲಿ.

ಬೆಲೆಯ ಮಾತು ನಮ್ಮ ನಮ್ಮಲ್ಲೇ ಆಡುವುದು ಬೇಡ, ಹೊರಗಿನವರೊಬ್ಬರು ಹೇಳಲಿ ಎಂದವಳು ಅಕ್ಕನೇ. ಬ್ಯಾಂಕುಗಳಿಗೆ ಬೆಲೆ ಕಟ್ಟಿಕೊಡುವ ನೋಂದಾಯಿತ ಮೌಲ್ಯಮಾಪಕರೊಬ್ಬರು ಬಂದರು. ನಾನೂ ಇದ್ದೆ. ಟೇಪಿನ ಒಂದು ತುದಿ ಹಿಡಿದು ನಿಂತಿದ್ದೆ. ಹಜಾರದ ಮದ್ರಾಸ್ ತಾರಸಿಯ ತೊಲೆಗಳನ್ನು ಅವರು ಕತ್ತೆತ್ತಿ ನೋಡಿದರು, ಬಚ್ಚಲ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಒದ್ದೆ ಎಲ್ಲಿಯವರೆಗೆ ಏರಿದೆ ಎಂದು ಗುರುತು ಮಾಡಿಕೊಂಡರು. ಅಕ್ಕ ಹಿಂದೆಯೇ ಬರುತ್ತಿದ್ದಳು. ಅಮ್ಮ ಕೊಬ್ಬರಿ ಚಿಪ್ಪಿನಲ್ಲಿ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿದ್ದ ರೆಡ್ ಆಕ್ಸೈಡ್ ನೆಲವನ್ನು ತೋರಿಸಿದಳು. ಇಷ್ಟು ವರ್ಷವಾದರೂ ಒಂದು ಬಿರುಕಿಲ್ಲ ನೋಡಿ ಎಂದಳು. ಬಾಗಿಲುವಾಡದ ತೇಗವನ್ನು ತೋರಿಸಿದಳು. ಅವರು ಸಜ್ಜನರು, ಎಲ್ಲವನ್ನೂ ನೋಡಿ, ಪೆನ್ನಿನ ಕ್ಯಾಪು ಮುಚ್ಚಿ, “ಮೇಡಂ, ಇದ್ಯಾವುದೂ ಲೆಕ್ಕಕ್ಕೆ ಬರಲ್ಲ” ಎಂದರು. ವಾರದ ಮೇಲೆ ಬಂದ ವರದಿಯಲ್ಲಿ ಹಾಗೆಯೇ ಇತ್ತು. ಸವಕಳಿ ಕಳೆದು ಕಟ್ಟಡಕ್ಕೆ ಉಳಿದದ್ದು ಒಂದು ಹಳೆಯ ಕಾರಿನ ಬೆಲೆ. ಮಿಕ್ಕಿದ್ದೆಲ್ಲ ನಲವತ್ತು–ಅರವತ್ತರ ನೆಲದ್ದು.

ನನ್ನನ್ನು ಬಹಳ ದಿನ ಕಾಡಿದ್ದು ಇದು. ಮನೆಯನ್ನು ಮನೆಯೆಂದು ಬೇಕೆನ್ನುವವಳು ಅಕ್ಕ ಒಬ್ಬಳೇ. ಅವಳಿಗೆ ಬೇಕಾದದ್ದು ಆ ನೆಲ, ಆ ಬಾಗಿಲು, ಬಾವಿಕಟ್ಟೆಯ ಪಕ್ಕದ ನುಗ್ಗೆಮರ. ಅವುಗಳಿಗೆ ಬೆಲೆಯೇ ಇಲ್ಲ. ಅವಳು ತೆರಬೇಕಾದದ್ದು ಮಣ್ಣಿನ ಬೆಲೆ. ಆ ಬೆಲೆ ಹುಟ್ಟುವುದೋ, ಮನೆಯನ್ನು ಕೆಡವಿ ಅಲ್ಲಿ ನಾಲ್ಕಂತಸ್ತು ಎಬ್ಬಿಸುವವನ ಲೆಕ್ಕಾಚಾರದಿಂದ. ಉಳಿಸಿಕೊಳ್ಳುವವಳು ಕೆಡವುವವನ ದರ ಕೊಡಬೇಕು. ಇನ್ನೊಂದು ಕಡೆ ಆ ಮನೆಯ ಮೇಲೆ ತಮಗೂ ಪ್ರಾಣವಿದೆ ಎನ್ನುವ ತಮ್ಮಂದಿರು ಆ ಮಣ್ಣಿನ ದರವನ್ನೇ ಕೈಯೊಡ್ಡಿ ಪಡೆಯಬೇಕು.

ಕೊಡಗಿನ ಐನ್‌ಮನೆಗಳಲ್ಲಿ ಈ ಪ್ರಶ್ನೆ ಹೀಗೆ ಏಳುವುದಿಲ್ಲ. ಐನ್‌ಮನೆ ಇಡೀ ಒಕ್ಕದ್ದು, ಎಂದರೆ ಒಂದೇ ಮೂಲದ ಮನೆತನದವರೆಲ್ಲರದ್ದು. ಅದರಲ್ಲಿ ವಾಸಕ್ಕಿರುವವರು ಒಬ್ಬಿಬ್ಬರೇ ಆದರೂ ಹಬ್ಬಕ್ಕೆ, ಹಿರಿಯರಾದ ಕಾರಣರ ಪೂಜೆಗೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ದಕ್ಷಿಣ ಕನ್ನಡದ ಕುಟುಂಬಗಳಲ್ಲೂ ದೈವದ ಕೋಣೆ ಇರುವ ಮನೆಯನ್ನು ಹಾಗೆಯೇ ಉಳಿಸಿಕೊಂಡು, ದೈವದ ವರ್ಷಾವಧಿ ಸೇವೆಗೆ ಎಲ್ಲ ಕವಲಿನವರೂ ಸೇರುವುದುಂಟು. ಅಲ್ಲಿ ಮನೆಗೆ ಯಜಮಾನ ಕುಟುಂಬ. ಸಂಬಳದ ದುಡ್ಡಿನಲ್ಲಿ ಪೇಟೆಯಲ್ಲಿ ಸೈಟು ಕೊಂಡ ಮೇಷ್ಟರ ಮಕ್ಕಳಿಗೆ ಅಂಥ ಕಟ್ಟಳೆ ಯಾವುದೂ ಇಲ್ಲ. ನಮಗಿರುವುದು ಕಾಯ್ದೆ ಮತ್ತು ಒಬ್ಬರ ಮೇಲೊಬ್ಬರಿಗಿರುವ ವಿಶ್ವಾಸ, ಎರಡೇ.

ಕಾಯ್ದೆಯನ್ನು ನಾನು ಓದಿಕೊಂಡೆ. ಓದಿದಷ್ಟೂ ಅಕ್ಕನ ಕಡೆಗೇ ಮನಸ್ಸು ವಾಲಿತು. ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಂತೆ, ಒಡಹುಟ್ಟಿದವರಲ್ಲೊಬ್ಬರು ಬಂದ ಪಾಲನ್ನು ಮಾರುವುದಾದರೆ ಕೊಳ್ಳುವ ಮೊದಲ ಹಕ್ಕು ಉಳಿದವರದು. ಬೆಲೆಯಲ್ಲಿ ಒಪ್ಪಿಗೆಯಾಗದಿದ್ದರೆ ಕೋರ್ಟು ನಿರ್ಧರಿಸುತ್ತದೆ. ಅದಕ್ಕೂ ಹಳೆಯದು 1893ರ ವಿಭಾಗ ಕಾಯ್ದೆ. ಮೂರು ಪಾಲು ಮಾಡಿದರೆ ಯಾರಿಗೂ ಉಪಯೋಗಕ್ಕೆ ಬಾರದ ಮನೆಯನ್ನು, ಅರ್ಧದಷ್ಟಾದರೂ ಪಾಲುಳ್ಳವರು ಕೇಳಿದರೆ, ಮಾರಿ ಹಣ ಹಂಚಿ ಎಂದು ಕೋರ್ಟು ಹೇಳಬಹುದು. ಆಗಲೂ ಪಾಲುದಾರರೊಬ್ಬರು ನಾನೇ ಕೊಳ್ಳುತ್ತೇನೆ ಎಂದು ಮುಂದೆ ಬಂದರೆ ಬೆಲೆ ಕಟ್ಟಿಸಿ ಅವರಿಗೆ ಕೊಡಬೇಕು. ಇಬ್ಬರು ಬಂದರೆ, ಕಟ್ಟಿದ ಬೆಲೆಗಿಂತ ಹೆಚ್ಚು ಕೊಡುವವರಿಗೆ. ನೂರಮೂವತ್ತು ವರ್ಷದ ಹಿಂದೆ ಇದನ್ನು ಬರೆದವರು ಒಡಹುಟ್ಟಿದವರನ್ನು ಹತ್ತಿರದಿಂದ ಕಂಡವರೇ ಇರಬೇಕು. ಅಷ್ಟು ದೂರ ಹೋದ ಮನೆಗಳನ್ನೂ ನಾನು ಬಲ್ಲೆ. ದಾವಾ ಮುಗಿಯುವಷ್ಟರಲ್ಲಿ ಹೆಂಚು ಒಡೆದು, ತೊಲೆ ಗೆದ್ದಲು ಹಿಡಿದು, ಕೊಳ್ಳಬೇಕೆಂದಿದ್ದವರಿಗೇ ವಯಸ್ಸಾಗಿರುತ್ತದೆ.

ನಾನು ವರದಿಯ ಬೆಲೆಗೆ ಒಪ್ಪಿದೆ. ಬ್ರೋಕರ್ ಒಬ್ಬರಿಂದ ತಮ್ಮ ಕೇಳಿ ತಿಳಿದಿದ್ದ ಬೆಲೆ ಅದಕ್ಕಿಂತ ಮೇಲಿತ್ತು. ಅಕ್ಕ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಹಿಡಿದಿದ್ದರೆ ಇನ್ನೂ ಎಷ್ಟೋ ಕೆಳಗೆ ಕೂರಬಹುದಿತ್ತು, ಅವಳು ಆ ಮಾತೇ ಎತ್ತಲಿಲ್ಲ. ಒಂದು ರಾತ್ರಿ ಫೋನಿನಲ್ಲಿ ತಮ್ಮ, “ಅವಳು ಇಷ್ಟು ವರ್ಷ ಬಾಡಿಗೆ ಇಲ್ಲದೆ ಇದ್ದಳಲ್ಲ” ಎಂದ. ನನಗೆ ಎದೆಗೆ ನಾಟಿತು. ಭಾವ ಹೋದ ಮೇಲೆ ಅಕ್ಕ ಆ ಮನೆಗೆ ಬಂದದ್ದು ಅಮ್ಮ ಒಬ್ಬಳೇ ಆಗಿದ್ದಳೆಂದು. ಅಮ್ಮನ ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಕಡೆಗೆ ಹಾಸಿಗೆ ಹಿಡಿದದ್ದು ಎಲ್ಲಕ್ಕೂ ಅವಳೇ. ಹಾಗಾದರೆ ಅದಕ್ಕೊಂದು ಮೊತ್ತ ಕಟ್ಟಿ ಬೆಲೆಯಲ್ಲಿ ಇಳಿಸೋಣವೇ ಎಂದು ನಾನು ಅಕ್ಕನನ್ನು ಕೇಳಿದೆ. “ಅಮ್ಮನ್ನ ನೋಡ್ಕೊಂಡಿದ್ದಕ್ಕೆ ನೀವು ನನಗೆ ಕೂಲಿ ಕೊಡ್ತೀರೇನೋ? ಬಾವಿ ಮೋಟರಿಗೆ, ತಾರಸಿ ರಿಪೇರಿಗೆ ಹಾಕಿರೋದಕ್ಕೆ ಬಿಲ್ ಇದೆ. ಅದರಲ್ಲಿ ನಿಮ್ಮಿಬ್ಬರ ಪಾಲು ಕಳೀರಿ, ಸಾಕು” ಎಂದಳು. ಅವಳ ಈ ಲೆಕ್ಕಕ್ಕಿಂತ ನ್ಯಾಯವಾದದ್ದನ್ನು ನಾನು ಯಾವ ವಕೀಲರ ಬಾಯಲ್ಲೂ ಕೇಳಿಲ್ಲ. ಸೇವೆಯನ್ನು ಬೆಲೆಗೆ ಬೆರೆಸಿದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ಕೂಲಿಯಾಗಿಯೇ ಉಳಿಯುತ್ತದೆ.

ಆದರೆ ಹಣ ಒಟ್ಟಿಗೆ ಹೊಂದಿಸುವುದು ಅವಳಿಗೆ ಸಾಧ್ಯವಿರಲಿಲ್ಲ. ಪ್ರೀತಿ ತೋರಿಸುವುದಾದರೆ ಅಲ್ಲಿ ತೋರಿಸಬೇಕು, ಬೆಲೆಯಲ್ಲಿ ಅಲ್ಲ, ಸಮಯದಲ್ಲಿ ಎಂದು ನಾನು ತಮ್ಮನಿಗೆ ಬರೆದೆ. ಅವನು ಒಪ್ಪಿದ. ತಮ್ಮನ ಪಾಲು ಮೊದಲು, ಅವಳ ನಿವೃತ್ತಿಯ ಹಣದಿಂದ. ನನ್ನದು ಕಂತಿನಲ್ಲಿ.

ನೋಂದಣಿ ಪತ್ರದ ಮಾತು ಬಂದಾಗ ದಸ್ತಾವೇಜು ಬರಹಗಾರರು ಸುಲಭದ ದಾರಿ ತೋರಿಸಿದರು. ಕುಟುಂಬದೊಳಗಿನ ಹಕ್ಕು ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ‘ಪ್ರೀತಿ ವಿಶ್ವಾಸದಿಂದ ಬಿಟ್ಟುಕೊಟ್ಟಿದ್ದೇವೆ’ ಎಂದು ಬರೆದು, ಹಣದ ವಿಚಾರ ಬಿಟ್ಟುಬಿಡಿ ಎಂದರು. ಅಕ್ಕ ಜಗ್ಗಲಿಲ್ಲ. ಕೊಟ್ಟ ಮೊಬಲಗು ಪತ್ರದಲ್ಲಿ ಇರಲೇಬೇಕೆಂದಳು. ನಾಳೆ ನಮ್ಮ ಮಕ್ಕಳಲ್ಲಿ ಯಾರೂ ಅತ್ತೆ ಪುಕ್ಕಟೆ ಹೊಡೆದುಕೊಂಡಳು ಎನ್ನಬಾರದು, ಅವಳಿಗೆ ಬೇಕಾಗಿದ್ದು ಅಷ್ಟು. ನಮಗೂ ಅದೇ ಕ್ಷೇಮ. ಬಂದ ಹಣಕ್ಕೆ ತೆರಿಗೆ ಲೆಕ್ಕ ಹಾಕುವಾಗ, ಇಂಥ ಹಳೆಯ ಆಸ್ತಿಗೆ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಅಸಲೆಂದು ಹಿಡಿಯಲು ಅವಕಾಶವಿದೆ. ತಮ್ಮ ಪರದೇಶದಲ್ಲಿರುವುದರಿಂದ ಅವನ ಪಾಲಿನ ತೆರಿಗೆಯನ್ನು ಕೊಳ್ಳುವವಳೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಆಡಿಟರ ಹತ್ತಿರ ಅಕ್ಕ ಮತ್ತೆ ಮತ್ತೆ ಓಡಾಡಿದ್ದು ಅದಕ್ಕೇ.

ಎಲ್ಲ ಮುಗಿಯಿತು ಎನ್ನುವಾಗ ತಮ್ಮ ಒಂದು ಷರತ್ತು ಹೇಳಿದ. ಮುಂದೆ ಎಂದಾದರೂ ಮನೆ ಮಾರುವುದಿದ್ದರೆ ಮೊದಲು ನಮ್ಮನ್ನು ಕೇಳಬೇಕು, ಪತ್ರದಲ್ಲಿ ಬರೆಯೋಣ. ಕೇಳಲು ಹಿತವಾದ ಮಾತು. ನನಗೂ ಒಂದು ಗಳಿಗೆ ಸರಿಯೆನ್ನಿಸಿತು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: “ದುಡ್ಡು ತಗೊಂಡ ಮೇಲೂ ಹಗ್ಗ ಯಾಕೋ ಕೈಯಲ್ಲಿ ಇಟ್ಕೊಳ್ತೀಯ?” ಪುಣೆಯಲ್ಲಿರುವ ಅವಳ ಮಗ ನಾಳೆ ಆ ಮನೆ ಮಾರಬಹುದು, ಕೆಡವಬಹುದು. ಪೂರ್ತಿ ಬೆಲೆ ತೆತ್ತವಳಿಗೆ ಆ ಸ್ವಾತಂತ್ರ್ಯವೂ ಸೇರಿಯೇ ಸಿಗಬೇಕು. ಮಣ್ಣಿನ ದರ ಪಡೆದು ಮನೆಯನ್ನೂ ಹಿಡಿದುಕೊಳ್ಳುವುದು ನ್ಯಾಯವಲ್ಲ. ನಾನು ಅಕ್ಕನ ಕಡೆ ನಿಂತೆ. ತಮ್ಮ ಕೆಲವು ದಿನ ಮಾತಾಡಲಿಲ್ಲ. ಆಮೇಲೆ ಕಾನ್ಸುಲೇಟಿನಲ್ಲಿ ಸಹಿ ಮಾಡಿದ ಅಧಿಕಾರ ಪತ್ರ ಕೊರಿಯರಿನಲ್ಲಿ ಬಂತು, ಷರತ್ತಿಲ್ಲದೆ.

ಈಗ ಅಕ್ಕ ಅಡುಗೆಮನೆ ಒಡೆಸುತ್ತಿದ್ದಾಳೆ. ಅಮ್ಮನ ಎತ್ತರಕ್ಕೆ ಕಟ್ಟಿದ್ದ ಕಟ್ಟೆ ಅವಳಿಗೆ ತಗ್ಗು, ಸೊಂಟ ನೋವು ಬರುತ್ತದಂತೆ. ಹೊಸ ಕಟ್ಟೆ ಎಷ್ಟೆತ್ತರ ಇರಲಿ ಎಂದು ನಮ್ಮಿಬ್ಬರಿಗೂ ಫೋಟೋ ಕಳಿಸಿ ಕೇಳಿದ್ದಳು. ನಿನ್ನ ಮನೆ, ನಿನ್ನಿಷ್ಟ ಎಂದು ನಾನು ಬರೆದೆ. ತಮ್ಮ ಅಳತೆಗಳ ಸಮೇತ ನಕ್ಷೆ ಹಾಕಿ ಕಳಿಸಿದ. ಮೇಸ್ತ್ರಿ ಅದರ ಪ್ರಕಾರವೇ ಕಟ್ಟುತ್ತಿದ್ದಾನೆ.