ಬೆರಳು ಹಿಡಿಯಬೇಕು

ನಮ್ಮ ಕೇರಿಯ ಗೋಡೆಗಳ ಮೇಲೆ ಮೊದಲು ಬರೆದವನು ಮೇಷ್ಟ್ರಲ್ಲ, ಮಲೇರಿಯಾದವನು. ರಾಯಚೂರು ಸೀಮೆಯ ಕಾಲುವೆ ಕೆಳಗಿನ ಊರು ನಮ್ಮದು. ಬಸಿನೀರೆಲ್ಲ ಬಂದು ನಿಲ್ಲೋದು ಕೇರಿಯ ಹಿಂದೆ. ಹದಿನೈದು ದಿನಕ್ಕೊಮ್ಮೆ ಅವನು ಬರುವನು. ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಹಿಡಿದು, ನಾಲ್ಕು ಗುಳಿಗೆ ಕೊಟ್ಟು, ಗೋಡೆಗೆ ತಾರೀಖು ಬರೆಯುವುದು ಅವನ ಕೆಲಸ. ಊರೊಳಗೆ ಹಾಗೇ ಮಾಡುತ್ತಿದ್ದ. ಕೇರಿಯಲ್ಲಿ ಮಾತ್ರ ಸೂಜಿ ಚೀಲದಿಂದ ಹೊರಗೆ ಬರುತ್ತಿರಲಿಲ್ಲ. "ಯಾರಿಗರ ಜ್ವರ ಬಂದಾವೇನು?" ಅಂತ ದೂರ ನಿಂತು ಕೇಳೋದು, ಬೊಗಸೆಗೆ ಮೇಲಿನಿಂದ ಗುಳಿಗೆ ಉದುರಿಸೋದು, ತಾರೀಖು ಗೀಚಿ ಹೋಗೋದು.

ರಕ್ತ ತೆಗೆಯಬೇಕಾದರೆ ಬೆರಳು ಹಿಡಿಯಬೇಕಲ್ಲ. ಮಾದಿಗರ ಬೆರಳು ಯಾರು ಹಿಡಿದಾರು?

1976. ನಾವಾಗ ಮೂರನೇ ಕ್ಲಾಸು. ನಮ್ಮ ತಂಗಿಗೆ ದಿನ ಬಿಟ್ಟು ದಿನ ಚಳಿ. ಕೌದಿ ಮೇಲೆ ಕೌದಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಆಮೇಲೆ ಮೈಯೆಲ್ಲ ಬೆಂಕಿ, ಆಮೇಲೆ ಬೆವರು. ಮರುದಿನ ಎದ್ದು ಆಡುತ್ತಿದ್ದಳು. "ಆರಾಮಾತು ಬಿಡು" ಅಂತ ಅವ್ವ ನೆಲ್ಲು ಹಚ್ಚಲು ಹೋಗುತ್ತಿದ್ದಳು. ಗಾಳಿ ಮೆಟ್ಟೈತಿ ಅಂದರು ಹಿರಿಯರು, ತಾಯತ ಕಟ್ಟಿಸಿದೆವು. ಕೊನೆಗೆ ಜ್ವರ ಬಿಡದೆ ಹಿಡಿಯಿತು. ಎಚ್ಚರ ತಪ್ಪಿದವಳು ಏಳಲೇ ಇಲ್ಲ. ಅದು ಮಲೇರಿಯಾನೋ ಬೇರೆಯೋ ಇವತ್ತಿಗೂ ನಮಗೆ ಗೊತ್ತಿಲ್ಲ. ನೋಡಿದ್ದರೆ ತಾನೆ ಗೊತ್ತಾಗೋದು? ಗೋಡೆ ಮೇಲೆ ಮಾತ್ರ ಆ ಹದಿನೈದು ದಿನದ ತಾರೀಖೂ ಇತ್ತು.

1965ರಲ್ಲಿ ದೇಶದಲ್ಲಿ ಸುಮಾರು 1 ಲಕ್ಷಕ್ಕೆ ಇಳಿದಿದ್ದ ಮಲೇರಿಯಾ, 1976ರಲ್ಲಿ 64 ಲಕ್ಷ ಮುಟ್ಟಿತು ಅನ್ನುತ್ತದೆ ಸರ್ಕಾರದ ಲೆಕ್ಕ. ರಕ್ತ ನೋಡಿದರೆ ಲೆಕ್ಕ. ನಮ್ಮ ತಂಗಿ ಆ ಲೆಕ್ಕದಲ್ಲಿ ಇಲ್ಲ.

ಈ ರೋಗದ ಚರಿತ್ರೆಯೇ ಹಾಗೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣು ಕಂಡ. 1902ರಲ್ಲಿ ನೊಬೆಲ್ ಬಂತು. ಆ ಸೊಳ್ಳೆಗಳಿಂದ ಕಚ್ಚಿಸಿಕೊಂಡ ರೋಗಿ ಹುಸೇನ್ ಖಾನ್. ಅವನಿಗೆ ಸಿಕ್ಕಿದ್ದು ಸೊಳ್ಳೆಗೆ ಒಂದಾಣೆ.

ಈಚೆಗೆ ನಮ್ಮ ಅಣ್ಣನ ಮಗ ಮಂಗಳೂರಿನಿಂದ ಜ್ವರ ಹೊತ್ತು ಬಂದ. ಕಟ್ಟಡದ ಕೂಲಿ. ಕಟ್ಟಡಗಳಲ್ಲಿ ನಿಂತ ನೀರಿನಲ್ಲೇ ಅಲ್ಲಿ ಸೊಳ್ಳೆ ಹುಟ್ಟುತ್ತದೆ. ಆದರೂ ರೋಗ ತಂದವರು ಹೊರಗಿನ ಕೂಲಿಗಳು ಅನ್ನೋ ಮಾತು ಬೇರೆ. ಮೇಸ್ತ್ರಿ ಜ್ವರದ ಗುಳಿಗೆ ಕೊಟ್ಟು ಊರಿಗೆ ಕಳಿಸಿದ್ದ. ಇಲ್ಲಿನ ಡಾಕ್ಟರೊಬ್ಬರು ರಕ್ತ ನೋಡದೆ ಟೈಫಾಯ್ಡ್ ಅಂದು ಸಲೈನ್ ಏರಿಸಿದರು. ಐದನೇ ದಿನ ಆಶಾ ಕಾರ್ಯಕರ್ತೆ ಬಂದಳು. "ಯಾವೂರಿಂದ ಬಂದೀಯೋ ತಮ್ಮಾ?" ಅಂತ ಕೇಳಿ, ಪಕ್ಕದಲ್ಲಿ ಕೂತು, ಬೆರಳು ಹಿಡಿದು ಚುಚ್ಚಿ, ಒಂದು ಹನಿ ರಕ್ತ ಕಿಟ್ಟಿಗೆ ಹಾಕಿದಳು. ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿತು. ಫಾಲ್ಸಿಪಾರಂ. ಅವತ್ತೇ ಔಷಧಿ ಶುರುವಾಯಿತು. ಹುಡುಗ ಉಳಿದ. ಬಾಗಿಲಲ್ಲಿ ನಿಂತಿದ್ದ ಅವ್ವ ಅವಳ ಕೈಯನ್ನೇ ನೋಡುತ್ತಿದ್ದಳು.

ಗೆಳೆಯರೇ, ಮೈ ಮುಟ್ಟಿ ನೋಡಿ ಮಲೇರಿಯಾ ಅಂತ ಹೇಳಲು ಯಾರಿಗೂ ಬರುವುದಿಲ್ಲ. ಡೆಂಗಿ, ಟೈಫಾಯ್ಡ್, ಇಲಿಜ್ವರ, ಎಲ್ಲದಕ್ಕೂ ಮೈ ಸುಡುತ್ತದೆ. ದಿನ ಬಿಟ್ಟು ದಿನ ಬರಲಿ ಅಂತ ಕಾಯಬೇಡಿ. ಫಾಲ್ಸಿಪಾರಂ ಹೊತ್ತುಗೊತ್ತು ನೋಡಿ ಬರುವುದಿಲ್ಲ, ತಡ ಮಾಡಿದರೆ ಮಿದುಳಿಗೆ ಏರುತ್ತದೆ. ಗುಳಿಗೆಗಿಂತ ಮೊದಲು ರಕ್ತ ನೋಡಬೇಕು. ಗಾಜಿನ ಮೇಲಿನ ದಪ್ಪ ಲೇಪದಲ್ಲಿ ರೋಗಾಣು ಇದೆಯೋ ಇಲ್ಲವೋ ತಿಳಿಯುತ್ತದೆ, ತೆಳು ಲೇಪದಲ್ಲಿ ಅದರ ಜಾತಿ ತಿಳಿಯುತ್ತದೆ. ಜಾತಿ ಕೇಳಬೇಕಾದ ಜಾಗ ಇದೊಂದೇ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳ ಮೇಲೆ ಮರಳುತ್ತದೆ, ಅದರ ಔಷಧಿಯೇ ಬೇರೆ. ಫಾಲ್ಸಿಪಾರಂನ ಔಷಧಿಯೇ ಬೇರೆ. ಒಮ್ಮೆ ಇಲ್ಲ ಅಂತ ಬಂದರೂ ಜ್ವರ ಇಳಿಯದಿದ್ದರೆ ಮತ್ತೆ ನೋಡಿಸಬೇಕು.

ಈಗ ಮಲೇರಿಯಾ ಕಡಿಮೆಯಾಗಿದೆ, ನಿಜ. ಕಡಿಮೆಯಾದ್ದರಿಂದಲೇ ಡಾಕ್ಟರಿಗೂ ಅದರ ನೆನಪು ಬರುವುದಿಲ್ಲ. ಶಾಲೆಯಲ್ಲಿ ಹುಡುಗಿಯೊಬ್ಬಳು ನಡುಗುತ್ತ ಕೂತರೆ, ಮೇಷ್ಟ್ರೇ, ಮನೆಗೆ ಹೋಗು ಅಂದುಬಿಡಬೇಡಿ. ಅವಳ ಅವ್ವ ಕೂಲಿಗೆ ಹೋಗಿರುತ್ತಾಳೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ದುಡ್ಡಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ, ರಕ್ತ ನೋಡಿ ಅಂತ ಕೇಳಿ. ಗೋಡೆ ಮೇಲಿನ ತಾರೀಖು ನಮಗೆ ಸಾಕಾಗಿದೆ.