ಅವಧಿ ಮುಗಿದ ವಿಮೆ ಮತ್ತು ಅಪರಿಚಿತನ ಹಕ್ಕು

ನಮ್ಮ ಕರಾವಳಿಯ ಅನೇಕ ಮನೆಗಳ ಅಂಗಳದಲ್ಲಿ ಇಂದು ಒಂದು ಕಾರು ನಿಂತಿರುತ್ತದೆ. ಗಲ್ಫಿನಲ್ಲಿ ದುಡಿಯುವ ಮಗ ರಜೆಗೆ ಬಂದಾಗ ಕೊಂಡ ಆ ಕಾರು, ಅವನು ಮರಳಿದ ಬಳಿಕ ತಿಂಗಳುಗಟ್ಟಲೆ ತಗಡಿನ ಮಾಡಿನಡಿಯಲ್ಲೇ ಇರುತ್ತದೆ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ನಿಕಾಹ್‌ಗೆ ಹೋಗಿಬರಲು ತಮ್ಮನೋ ಭಾವನೋ ಅದನ್ನು ಹೊರತೆಗೆಯುತ್ತಾರೆ. ಪೆಟ್ರೋಲ್ ಇದೆಯೇ, ಟಯರಿನಲ್ಲಿ ಗಾಳಿ ಇದೆಯೇ ಎಂದು ಎಲ್ಲರೂ ನೋಡುತ್ತಾರೆ. ವಿಮೆಯ ಅವಧಿ ಉಳಿದಿದೆಯೇ ಎಂದು ನೋಡುವವರು ವಿರಳ.

ಇದಕ್ಕೆ ಕಾರಣ ಬಹುತೇಕ ಉದ್ದೇಶಪೂರ್ವಕ ವಂಚನೆಯಲ್ಲ. ವಿಮೆ ಮುಗಿಯುವ ಸೂಚನೆಯು ಕಾರಿನ ಮಾಲಿಕ ಅಂದು ಕೊಟ್ಟಿದ್ದ ಊರಿನ ಮೊಬೈಲ್ ಸಂಖ್ಯೆಗೆ ಬರುತ್ತದೆ. ಆ ಸಿಮ್ ವಿದೇಶದಲ್ಲಿ ಯಾವುದೋ ಪೆಟ್ಟಿಗೆಯೊಳಗೆ ನಿಷ್ಕ್ರಿಯವಾಗಿ ಬಿದ್ದಿರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷಗಳ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆಯನ್ನು ಆರಂಭದಲ್ಲೇ ಪಡೆಯಬೇಕಾಯಿತು. ಪ್ರತಿವರ್ಷ ಹಣ ಕಟ್ಟುವ ರೂಢಿ ಇದರಿಂದ ತಪ್ಪಿತು. ಮೂರನೆಯ ವರ್ಷ ಮುಗಿದದ್ದೂ ಹಲವರ ಗಮನಕ್ಕೆ ಬರುವುದಿಲ್ಲ.

ಮದ್ರಸದಲ್ಲಿ ಪಾಠ ಹೇಳುವ ನಮ್ಮ ಬಳಿಗೆ ಜನರು ಕುರ್‌ಆನ್ ಪಾಠಕ್ಕಾಗಿ ಮಾತ್ರ ಬರುವುದಿಲ್ಲ. ಕನ್ನಡದಲ್ಲಿ ಪದವಿ ಪಡೆದವರೆಂಬ ಕಾರಣಕ್ಕೆ ಸರಕಾರಿ ಕಾಗದಗಳನ್ನೂ ಓದಿಸಿಕೊಳ್ಳಲು ತರುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಅಂತಹದೊಂದು ಲಕೋಟೆ ತಂದರು. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸು. ಅವರ ಕಿರಿಯ ಮಗ ಓಡಿಸುತ್ತಿದ್ದ ಕಾರು ತಿರುವಿನಲ್ಲಿ ಸ್ಕೂಟರ್ ಸವಾರನೊಬ್ಬನಿಗೆ ಬಡಿದಿತ್ತು. ಆತ ಟೈಲ್ಸ್ ಹಾಸುವ ಕೂಲಿಕಾರ, ಮೂವತ್ತೆಂಟರ ಪ್ರಾಯ. ಅಲ್ಲಾಹನ ಅನುಗ್ರಹದಿಂದ ಜೀವ ಉಳಿಯಿತು. ಆದರೆ ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಕಾರಿನ ವಿಮೆ ಮುಗಿದು ಆಗ ಹತ್ತೊಂಬತ್ತು ದಿನಗಳಾಗಿದ್ದವು.

“ಉಸ್ತಾದರೇ, ಮರುದಿನವೇ ಹಣ ಕಟ್ಟಿದ್ದೇವಲ್ಲ?” ಎಂದು ಅವರು ಕೇಳಿದರು. ವಿಮಾಪತ್ರದಲ್ಲಿ ಅದು ಜಾರಿಯಾಗುವ ದಿನ ಮಾತ್ರವಲ್ಲ, ಗಂಟೆಯೂ ನಮೂದಾಗಿರುತ್ತದೆ. ಅದಕ್ಕೂ ಮೊದಲು ನಡೆದ ಅಪಘಾತಕ್ಕೆ ಆ ಪತ್ರ ಪ್ರಯೋಜನಕ್ಕೆ ಬಾರದು. ನೋಟಿಸಿನಲ್ಲಿ ವಿದೇಶದಲ್ಲಿದ್ದ ಹಿರಿಯ ಮಗನ ಹೆಸರೂ ಇತ್ತು. ಅವನು ಆ ದಿನ ಊರಿನಲ್ಲೇ ಇರಲಿಲ್ಲ. ಆದರೂ ನೋಂದಣಿ ಪತ್ರದಲ್ಲಿ ಮಾಲಿಕನೆಂದು ಇರುವವನು ಅವನೇ. ಹೊಣೆಯಿಂದ ಅವನಿಗೆ ಬಿಡುಗಡೆಯಿಲ್ಲ. ಕಾರನ್ನು ಮಾರಿಯೂ ನೋಂದಣಿ ಬದಲಿಸದೆ ಬಿಟ್ಟವರಿಗೂ ಇದೇ ಗತಿಯೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿಮೆಯಿಲ್ಲದೆ ವಾಹನ ಓಡಿಸಿದರೆ ದಂಡ ಕಟ್ಟಿದರಾಯಿತು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಬಳಿಕ ಮೊದಲ ತಪ್ಪಿಗೆ 2,000 ರೂಪಾಯಿ, ಪುನರಾವರ್ತನೆಗೆ 4,000 ರೂಪಾಯಿ ದಂಡವಿದೆ. ಮೂರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ನಿಜವಾದ ಭಾರ ಇದರಾಚೆಗಿದೆ. ಆ ಕೂಲಿಕಾರ ಅಂದು ಮೃತಪಟ್ಟಿದ್ದರೆ ಏನಾಗುತ್ತಿತ್ತೆಂದು ನಾವು ಆ ತಂದೆಯ ಮುಂದೆ ಲೆಕ್ಕ ಹಾಕಿದೆವು. ತಿಂಗಳ ದುಡಿಮೆ 15,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,80,000. ಸುಪ್ರೀಂ ಕೋರ್ಟಿನ ಸೂತ್ರದಂತೆ, ನಲವತ್ತರೊಳಗಿನ ಸ್ವಂತ ದುಡಿಮೆಗಾರನಿಗೆ ಭವಿಷ್ಯದ ಗಳಿಕೆಯೆಂದು ಶೇಕಡ 40 ಸೇರಿಸಿದರೆ 2,52,000. ನಾಲ್ವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದು 1,89,000. ಆ ಪ್ರಾಯಕ್ಕೆ ನಿಗದಿಯಾದ ಗುಣಕ 15. ಒಟ್ಟು 28,35,000 ರೂಪಾಯಿ. ಇತರ ಬಾಬ್ತುಗಳು ಬೇರೆ. ಇತ್ತ, 1000ದಿಂದ 1500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ಮೂರನೆಯ ವ್ಯಕ್ತಿಯ ವಿಮೆಯ ವಾರ್ಷಿಕ ಕಂತು 2022ರಲ್ಲಿ ನಿಗದಿಯಾದಂತೆ ತೆರಿಗೆ ಹೊರತು 3,416 ರೂಪಾಯಿ.

ಪರಿಹಾರದ ಮೊತ್ತವನ್ನು ಕಟ್ಟದಿದ್ದರೆ ಅದನ್ನು ಭೂ ಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನರಿತ ಬಂಧುವೊಬ್ಬರು, ಆಸ್ತಿಯನ್ನೆಲ್ಲ ಬೇಗನೆ ಹೆಂಡತಿಯ ಹೆಸರಿಗೆ ಮಾಡಿಬಿಡಿ ಎಂದು ಸಲಹೆಯಿತ್ತರಂತೆ. ಮತ್ತೊಬ್ಬರು, ಆ ಬಡವನ ಕೈಗೆ ಐವತ್ತು ಸಾವಿರವಿಟ್ಟು ಕಾಗದದಲ್ಲಿ ಸಹಿ ಪಡೆಯಿರಿ ಎಂದರಂತೆ. ಆ ತಂದೆ ನಮ್ಮ ಅಭಿಪ್ರಾಯ ಕೇಳಿದರು. ಮೊದಲು ಗಾಯಾಳುವಿನ ಮನೆಗೆ ಹೋಗಿಬರೋಣ ಎಂದೆವು.

ಹೋದೆವು. ಆತ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದ. ಹೆಂಡತಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅವಳು ನಮ್ಮನ್ನು ಬೈಯಲಿಲ್ಲ, ಅಳಲೂ ಇಲ್ಲ. “ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸ ಅವರದು. ಇನ್ನು ಕೂರಲಿಕ್ಕೆ ಆಗುವುದಿಲ್ಲ ಎನ್ನುತ್ತಾರೆ ಡಾಕ್ಟರು” ಎಂದಷ್ಟೇ ಹೇಳಿದಳು. ಮರಳುವ ದಾರಿಯಲ್ಲಿ ಆ ತಂದೆ ಆಸ್ತಿಯ ಮಾತನ್ನೆತ್ತಲಿಲ್ಲ.

ವಾಣಿಜ್ಯ ವಿಮೆ ಧರ್ಮಸಮ್ಮತವೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅನೇಕರು ಎತ್ತುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದರಲ್ಲಿ ಬಡ್ಡಿ ಮತ್ತು ಅನಿಶ್ಚಿತತೆಯ ಅಂಶವಿದೆಯೆಂದು ಆಕ್ಷೇಪಿಸಿದ ವಿದ್ವಾಂಸರು ಬಹಳ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1985ರಲ್ಲಿ ವಾಣಿಜ್ಯ ವಿಮೆಯನ್ನು ನಿರಾಕರಿಸಿ, ಪರಸ್ಪರ ಸಹಕಾರದ ವಿಮೆಯನ್ನು ಅಂಗೀಕರಿಸಿತು. ಆದರೆ ದೇಶದ ಕಾನೂನು ಕಡ್ಡಾಯಗೊಳಿಸಿದ ವಿಮೆಯನ್ನು ಅನಿವಾರ್ಯತೆಯ ನೆಲೆಯಲ್ಲಿ ಅನುಮತಿಸಿದ ವಿದ್ವಾಂಸರೂ ಇದ್ದಾರೆ. ಸಂಶಯವಿದ್ದವರು ತಾವು ನಂಬುವ ಆಲಿಮರನ್ನು ಕೇಳಿ ತಿಳಿಯಲಿ. ಬಡ್ಡಿಯ ಸಾಲದಲ್ಲಿ ಕಾರು ಕೊಳ್ಳುವಾಗ ಏಳದ ಸಂಶಯ, ವಿಮೆಯ ಕಂತು ಕಟ್ಟುವ ದಿನವಷ್ಟೇ ಏಳುವುದಾದರೆ ಅದನ್ನು ಧರ್ಮನಿಷ್ಠೆಯೆಂದು ಕರೆಯಲು ನಮಗೆ ಸಂಕೋಚವಾಗುತ್ತದೆ.

ವಿಮೆಯ ಬಗ್ಗೆ ಭಿನ್ನಮತವಿರಬಹುದು. ಗಾಯಗೊಂಡವನ ಹಕ್ಕಿನ ಬಗ್ಗೆ ಭಿನ್ನಮತವಿಲ್ಲ. ಪ್ರಮಾದವಶಾತ್ ಜೀವಹಾನಿಯಾದರೂ ಮೃತನ ಕುಟುಂಬಕ್ಕೆ ಪರಿಹಾರಧನ ಸಲ್ಲಬೇಕೆಂಬುದು ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ ಆದೇಶ. ಅಂತಹ ಭಾರವನ್ನು ತಪ್ಪೆಸಗಿದವನೊಬ್ಬನೇ ಹೊರಲಾರನೆಂದು ಅವನ ಗೋತ್ರದವರೆಲ್ಲ ಸೇರಿ ಹಂಚಿಕೊಳ್ಳುವ ‘ಆಕಿಲ’ ಪದ್ಧತಿಯನ್ನು ಇಸ್ಲಾಮಿನ ಫಿಕ್ಹ್ ಮಾನ್ಯ ಮಾಡಿದೆ. ಸಾಲವಿಟ್ಟು ಮಡಿದವನ ಜನಾಝ ನಮಾಝಿಗೆ, ಆ ಸಾಲದ ಹೊಣೆಯನ್ನು ಒಬ್ಬರು ವಹಿಸಿಕೊಳ್ಳುವವರೆಗೆ ಪ್ರವಾದಿವರ್ಯರು(ಸ) ಮುಂದಾಗಲಿಲ್ಲವೆಂಬುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ತವಕ್ಕುಲ್ ಎಂದು ಒಂಟೆಯನ್ನು ಕಟ್ಟದೆ ಬಿಡಬಾರದೆಂಬುದನ್ನೂ ಕಲಿಸುತ್ತೇವೆ. ಅಪರಿಚಿತನೊಬ್ಬನ ಮುರಿದ ಕಾಲು ನಮ್ಮ ಮೇಲಿನ ಸಾಲವೇ ಆಗಿದೆ.

ನ್ಯಾಯಮಂಡಳಿ ವಿಧಿಸಿದ ಮೊತ್ತ 11 ಲಕ್ಷ ಮೀರಿತ್ತು. ಆ ಕುಟುಂಬ ಮನೆಯ ಹಿಂದಿನ ಅಡಿಕೆ ತೋಟದ ಒಂದು ಭಾಗವನ್ನು ಮಾರಿ ಅದನ್ನು ಪೂರ್ತಿ ಸಲ್ಲಿಸಿತು. ಹಿರಿಯ ಮಗ ಊರಿಗೆ ಮರಳಿ ಅಂಗಡಿ ತೆರೆಯುವ ಯೋಚನೆಯನ್ನು ಮುಂದೂಡಿದ. ಅವರು ನಷ್ಟ ಹೊಂದಿದರು, ಅನ್ಯಾಯ ಮಾಡಲಿಲ್ಲ.

ಓದುಗ ಸಹೋದರ ಸಹೋದರಿಯರಲ್ಲಿ ನಮ್ಮದೊಂದು ವಿನಂತಿ. ಇಂದೇ ನಿಮ್ಮ ವಾಹನದ ಪತ್ರಗಳನ್ನು ತೆಗೆದು ನೋಡಿರಿ. ಮೂರನೆಯ ವ್ಯಕ್ತಿಯ ವಿಮೆ ಯಾವ ದಿನ ಮುಗಿಯುತ್ತದೆ, ಸ್ವಂತ ಹಾನಿಯ ವಿಮೆ ಯಾವ ದಿನ ಮುಗಿಯುತ್ತದೆ ಎಂದು ಬೇರೆ ಬೇರೆಯಾಗಿ ಗುರುತಿಸಿರಿ. ಎರಡೂ ಒಂದೇ ದಿನವಾಗಿರಬೇಕೆಂದಿಲ್ಲ. ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ಶೇಕಡ 50ರವರೆಗೂ ಬೆಳೆಯಬಲ್ಲ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಅವಧಿ ಮುಗಿದಿದ್ದರೆ ಕಾರು ಅಂಗಳದಲ್ಲೇ ಇರಲಿ. ಆಸ್ಪತ್ರೆಗೆ ರಿಕ್ಷಾ ಕರೆಯಿರಿ. ವಿದೇಶಕ್ಕೆ ಹೊರಟ ಮಕ್ಕಳು ಕೀಲಿಕೈಯನ್ನು ಮನೆಯವರಿಗೊಪ್ಪಿಸುವಾಗ ವಿಮಾಪತ್ರವನ್ನೂ ಒಪ್ಪಿಸಲಿ, ಊರಿನಲ್ಲಿರುವವರ ಮೊಬೈಲ್ ಸಂಖ್ಯೆಯನ್ನು ಅದರಲ್ಲಿ ನಮೂದಿಸಲಿ. ಇತರರ ಹಕ್ಕುಗಳ ಋಣಭಾರದೊಂದಿಗೆ ತನ್ನ ಮುಂದೆ ನಿಲ್ಲುವ ಸ್ಥಿತಿಯಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.